ಎರಡು ಮಿಲಿಮೀಟರ್ ಸಂದು

ಮೊನ್ನೆ ಅಡುಗೆಮನೆಯ ನಲ್ಲಿಗೆ ವಾಷರ್ ತರಲು ಬೆಳಗಾವಿಯ ಟಿಳಕವಾಡಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬೇರೊಬ್ಬರಿಗೆ ಅಳೆದು ಕೊಡಲೆಂದು ಕಪ್ಪು ರಬ್ಬರ್ ಹಾಳೆಯ ಸುರುಳಿಯೊಂದನ್ನು ನೆಲದ ಮೇಲೆ ಉರುಳಿಸಿ ಬಿಚ್ಚಿದರು. ಹೊರಗೆ ಮಳೆ ಹಿಡಿದಿತ್ತು. ಒಳಗೆ ಹೊಸ ರಬ್ಬರಿನ ವಾಸನೆ, ಅದರ ಬೆನ್ನಿಗೆ ಗ್ರೀಸಿನದು, ಒದ್ದೆ ಗೋಣಿಯದು. ಅಷ್ಟು ಸಾಕಾಯಿತು. ಕಾಲ ಕೆಳಗಿನ ನೆಲ ತಣ್ಣಗಾದಂತೆ, ನೀರು ಮೊಣಕಾಲಿಗೆ ಬಂದಂತೆ ಆಗಿ, ಹೇಳದೆ ಕೇಳದೆ ರಸ್ತೆಗೆ ಇಳಿದುಬಿಟ್ಟೆ.

“ಮೇಡಮ್ಮಾರ, ವಾಷರ್ ಇಲ್ಲೇ ಬಿಟ್ಟ ಹೊಂಟ್ರಲ್ಲಾ!” ಎಂದು ಅವರು ಹಿಂದಿನಿಂದ ಕೂಗಿದರು. ನಾನು ತಿರುಗಲಿಲ್ಲ. ಕೊಡೆ ಬಿಚ್ಚುವುದನ್ನೂ ಮರೆತು ರೈಲ್ವೆ ಗೇಟಿನ ತನಕ ನಡೆದೆ.

ಎರಡು ವರ್ಷವಾಯಿತು. ಆ ಮಳೆಗಾಲವನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಲು ಹೊರಟರೆ ಮೊದಲು ಕಂಪ್ಯೂಟರಿನ ಒಂದು ಕೆಲಸವನ್ನು ವಿವರಿಸಬೇಕಾಗುತ್ತದೆ. ಅಷ್ಟರಲ್ಲಿ ಕೇಳುವವರ ಕಣ್ಣು ಬೇರೆ ಕಡೆ ಹೋಗಿರುತ್ತದೆ. ಆದರೆ ಆ ಕೆಲಸ ತಿಳಿಯದೆ ನನ್ನ ಭಯ ತಿಳಿಯುವುದಿಲ್ಲ.

ಆಗ ನಾನು ಉದ್ಯಮಬಾಗದ ಒಂದು ಸಣ್ಣ ವಿನ್ಯಾಸ ಕಚೇರಿಯಲ್ಲಿದ್ದೆ. ಎಂ.ಟೆಕ್. ಮುಗಿಸಿ ನಾಲ್ಕು ವರ್ಷವಾಗಿತ್ತು. ಸುತ್ತ ಫೌಂಡ್ರಿಗಳು, ಲೇತ್‌ಗಳು. ನಡುವೆ ತಗಡಿನ ಮಾಡಿನ ಕೆಳಗೆ ನಾವು ಐದು ಜನ. ಮಾಲೀಕರು ಪಾಟೀಲ ಸರ್. ಫೌಂಡ್ರಿಯವರು ಎರಕ ಹೊಯ್ಯುವ ಮೊದಲು ಅವರ ಪಂಪು, ಫ್ಯಾನು, ವಾಲ್ವುಗಳನ್ನು ನಾವು ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತಿದ್ದೆವು. ನೀರು ಅವುಗಳ ಒಳಗೆ ಹೇಗೆ ಹರಿಯುತ್ತದೆ, ಎಲ್ಲಿ ಒತ್ತಡ ಏರುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ.

ಜೂನಿನಲ್ಲಿ ಮಿರಗದ ಮಳೆ ಶುರುವಾದ ವಾರ ಖಾನಾಪುರ ತಾಲೂಕಿನ ಕೆಲಸವೊಂದು ಬಂತು. ಪಾರಿಶ್ವಾಡದ ಕಡೆ, ಮಲಪ್ರಭೆಯ ದಂಡೆಯಲ್ಲಿ ಕೆಲವು ಹಳ್ಳಿಗಳಿಗೆ ಕುಡಿಯುವ ನೀರು ಎತ್ತುವ ಪಂಪ್‌ಹೌಸ್ ಇತ್ತು. ನದಿಯಿಂದ ಎತ್ತಿದ ನೀರು ದಪ್ಪ ಪೈಪಿನಲ್ಲಿ ದೂರದ ದಿನ್ನೆಯ ಮೇಲಿನ ಟಾಕಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಕರೆಂಟು ಹತ್ತು ಸಲ ಹೋಗುತ್ತದೆ. ಪಂಪು ನಿಂತೊಡನೆ ಆ ಪೈಪಿನ ನೀರೆಲ್ಲ ಹಿಂದಕ್ಕೆ ಧಾವಿಸುತ್ತದೆ. ಅದನ್ನು ತಡೆಯಲು ಪಂಪಿನ ಮುಂದೆ ಒಂದು ವಾಲ್ವು. ಅದರೊಳಗೆ ಮೇಲಿನ ಬಿಜಾಗರಿಗೆ ತೂಗುಬಿಟ್ಟ ದುಂಡನೆಯ ಬಾಗಿಲು. ನೀರು ಮುಂದೆ ಹೋಗುವಾಗ ತೆರೆದುಕೊಳ್ಳುತ್ತದೆ, ಹಿಂದೆ ಬಂದರೆ ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿನ ಎರಡು ಪಂಪುಗಳ ಹಳೆಯ ವಾಲ್ವುಗಳಲ್ಲಿ ಒಂದು ಸವೆದುಹೋಗಿತ್ತು. ಅದರ ಬದಲಿಗೆ ನಮ್ಮ ಕಚೇರಿ ಹೊಸದನ್ನು ವಿನ್ಯಾಸ ಮಾಡಿತ್ತು, ಇನ್ನೂ ಅಗಲವಾಗಿ ತೆರೆದು ಹೆಚ್ಚು ನೀರು ಬಿಡುವಂಥದ್ದನ್ನು. ಅದು ಮುಚ್ಚುವಾಗ ಪೈಪಿನ ಮೇಲೆ ಎಷ್ಟು ಹೊಡೆತ ಬೀಳುತ್ತದೆ ಎಂದು ನಾನು ಹೇಳಬೇಕಾಗಿತ್ತು.

ಹರಿಯುವ ನೀರನ್ನು ಕಂಪ್ಯೂಟರು ಇಡಿಯಾಗಿ ನೋಡಲಾರದು. ನೀರಿರುವ ಜಾಗವನ್ನೆಲ್ಲ ಸಣ್ಣ ಸಣ್ಣ ಕೋಶಗಳಾಗಿ ಕತ್ತರಿಸಿ ಕೊಡಬೇಕು, ಮೀನಿನ ಬಲೆಯ ಕಣ್ಣುಗಳ ಹಾಗೆ. ಅದನ್ನು ಜಾಲರಿ ಎನ್ನುತ್ತೇವೆ. ಒಳಗಿನ ವಸ್ತು ಅಲುಗದಿದ್ದರೆ ಜಾಲರಿಯೂ ಅಲುಗುವುದಿಲ್ಲ. ಆದರೆ ಇಲ್ಲಿ ಬಾಗಿಲು ತೂಗುತ್ತದೆ. ಆಗ ಸಾಫ್ಟ್‌ವೇರಿಗೆ ಹೇಳಿಕೊಡಬೇಕು: ಬಾಗಿಲಿಗೆ ಅಂಟಿದ ಕೋಶಗಳು ಅದರ ಜೊತೆಗೇ ಚಲಿಸಲಿ, ಅದರಾಚೆಯವು ರಬ್ಬರಿನಂತೆ ಹಿಗ್ಗಲಿ ಕುಗ್ಗಲಿ, ಪೈಪಿನ ಗೋಡೆಯ ಕಡೆಯವು ಇದ್ದಲ್ಲೇ ಇರಲಿ. ಒಂದೊಂದೂ ಒಂದೊಂದು ವಲಯ. ಬಿಜಾಗರಿಯ ಅಕ್ಷ ಎಲ್ಲಿದೆ, ಬಾಗಿಲು ಯಾವ ಕಡೆಗೆ ತಿರುಗುತ್ತದೆ, ಒಂದು ವಲಯದ ನೀರು ಪಕ್ಕದ ವಲಯಕ್ಕೆ ಎಲ್ಲಿ ದಾಟುತ್ತದೆ, ಎಲ್ಲವನ್ನೂ ಬರೆದು ಕೊಡಬೇಕು.

ಕಷ್ಟ ಬರುವುದು ಮುಚ್ಚುವಾಗ. ಬಾಗಿಲು ತಾನು ಕೂತು ಮುಚ್ಚುವ ಉಂಗುರದ, ಎಂದರೆ ಪೀಠದ, ಹತ್ತಿರ ಬಂದಂತೆ ನಡುವೆ ಸಿಕ್ಕ ಕೋಶಗಳು ಚಪ್ಪಟೆಯಾಗುತ್ತವೆ. ಒಂದು ಹಂತ ದಾಟಿದರೆ ಯಾವುದೋ ಒಂದು ಕೋಶ ಒಳಗು ಹೊರಗಾಗಿ ಮಗುಚಿಕೊಳ್ಳುತ್ತದೆ. ಅದರ ಗಾತ್ರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸೊನ್ನೆಗಿಂತ ಸಣ್ಣ ಜಾಗದಲ್ಲಿ ನೀರು ಎಲ್ಲಿ ನಿಲ್ಲಬೇಕು? ಸಾಫ್ಟ್‌ವೇರು ಕೆಂಪು ಅಕ್ಷರದ ಒಂದು ಸಾಲು ಬರೆದು ನಿಂತುಬಿಡುತ್ತದೆ.

ಆ ಕೆಂಪು ಸಾಲನ್ನು ನಾನು ಆರಿದ್ರಾ ಮಳೆಯ ಉದ್ದಕ್ಕೂ ನೋಡಿದೆ. ತಗಡಿನ ಮೇಲೆ ಮಳೆಯ ಸದ್ದು ಎಷ್ಟೆಂದರೆ ಪಕ್ಕದ ಮೇಜಿನವರ ಮಾತು ಕೇಳುತ್ತಿರಲಿಲ್ಲ. ನಮ್ಮದು ಜೈನರ ಮನೆ, ಸಂಜೆಯೂಟ ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು. ಆ ತಿಂಗಳು ನಾನು ಬಹಳ ದಿನ ಊಟ ತಪ್ಪಿಸಿಕೊಂಡು ಬರೀ ಹೊಟ್ಟೆಯಲ್ಲಿ ಮಲಗಿದೆ. ಬಾಗಿಲು ಇನ್ನೇನು ಮುಚ್ಚಬೇಕು ಎನ್ನುವಲ್ಲಿಗೆ ಬಂದು ಎಲ್ಲ ನಿಂತುಬಿಡುತ್ತಿತ್ತು.

ಒಂದು ದಿನ ಪಾಟೀಲ ಸರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

“ಪದ್ಮಜಾ, ಬಾಗಲಾ ಮುಚ್ಚೂದು ಮುಖ್ಯ ಅಲ್ಲ, ರನ್ ಮುಗಿಯೂದು ಮುಖ್ಯ. ಎಲ್ಲಾರೂ ಏನ್ ಮಾಡ್ತಾರ? ಸ್ವಲ್ಪ ಸಂದ್ ಬಿಡ್ತಾರ. ನೀನೂ ಬಿಡು.”

ಅವರು ಹೇಳಿದ್ದು ಸುಳ್ಳಲ್ಲ. ಈ ಕೆಲಸ ಮಾಡುವವರೆಲ್ಲ ಹಾಗೆ ಮಾಡುತ್ತಾರೆ. ಬಾಗಿಲು ಪೀಠವನ್ನು ಮುಟ್ಟುವ ಮೊದಲೇ ನಿಲ್ಲಿಸಿ ಒಂದು ಎಳೆ ಸಂದು ಉಳಿಸುತ್ತಾರೆ, ಕೋಶಗಳು ಬದುಕುತ್ತವೆ. ನಾನು ಎರಡು ಮಿಲಿಮೀಟರ್ ಬಿಟ್ಟೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಬಾಗಿಲನ್ನು ನೀರು ತಳ್ಳಿದಂತೆ ತೂಗಲು ಬಿಟ್ಟರೆ ಅದು ಕೊನೆಯಲ್ಲಿ ಜೋರಾಗಿ ಬಂದು ಜಾಲರಿಯನ್ನು ಹರಿದುಹಾಕುತ್ತಿತ್ತು. ಅದಕ್ಕೆ ಬಾಗಿಲಿನ ವೇಗವನ್ನು ನಾನೇ ಒಂದು ಪಟ್ಟಿಯಲ್ಲಿ ಬರೆದು ಕೊಟ್ಟೆ: ಮೊದಲು ಬೇಗ, ಕೊನೆಗೆ ಮೆಲ್ಲಗೆ. ಮಲಗಿದ ಕೂಸಿನ ಕೋಣೆಯ ಬಾಗಿಲನ್ನು ತಾಯಿ ಮುಂದೆ ಮಾಡುವ ಹಾಗೆ.

ರನ್ ಮುಗಿಯಿತು. ಒತ್ತಡದ ಗೆರೆ ಮೆಲ್ಲಗೆ ಏರಿ ಮೆಲ್ಲಗೆ ಇಳಿದಿತ್ತು. ನನಗಾದ ಖುಷಿ ಈಗಲೂ ನೆನಪಿದೆ. ಅದೇ ಈಗ ಹೆಚ್ಚು ಹೆದರಿಸುತ್ತದೆ. ವರದಿಯಲ್ಲಿ “ಸುರಕ್ಷಿತ ಮಿತಿಯೊಳಗಿದೆ” ಎಂದು ಬರೆದು ಸಹಿ ಹಾಕಿದೆ. ಫೌಂಡ್ರಿಯವರು ಎರಕ ಹೊಯ್ದರು.

ಪುನರ್ವಸು ಮಳೆಯಲ್ಲಿ ವಾಲ್ವು ಕೂಡಿಸಿ ಆಯಿತು. ಪರೀಕ್ಷೆಯ ದಿನ ಬೆಳಗ್ಗೆ ಕಚೇರಿಯ ಜೀಪಿನಲ್ಲಿ ಖಾನಾಪುರಕ್ಕೆ ಹೋದೆ. ನಮ್ಮ ಫಿಟ್ಟರ್ ಮಾರುತಿ ಗುಂಜಿಯವನು. ಅಲ್ಲಿಂದ ರೈಲಿನಲ್ಲಿ ಬಂದು ಸ್ಟೇಷನ್ ಮುಂದೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ನಿಂತಿದ್ದ. ಮೂವತ್ತರ ಆಸುಪಾಸು, ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ. ಜೀಪು ಹತ್ತಿದವನೇ ಹಿಂದಿನ ವಾರ ಊರಿನ ಅಂಚಿನಲ್ಲಿ ಕರಡಿ ಕಂಡ ಕತೆ ಶುರುಮಾಡಿದ.

“ಮೇಡಂ, ಹಿಂಗ ನಿಂತಿತ್ರಿ, ಎರಡ್ ಕಾಲ ಮ್ಯಾಲ. ನಾನೂ ನಿಂತೆ. ಅದೂ ನನ್ನ ನೋಡ್ತೈತಿ, ನಾನೂ ಅದನ್ನ ನೋಡ್ತೀನಿ. ಆಮ್ಯಾಲ ಅದಕ್ಕ ನನ್ನ ಮಾರಿ ಪಸಂದ ಬರಲಿಲ್ಲ ಕಾಣತೈತಿ, ಹೋತು.”

ಡ್ರೈವರ್ ನಕ್ಕ, ನಾನೂ ನಕ್ಕೆ. ರಸ್ತೆಯ ಎರಡೂ ಕಡೆ ಭತ್ತದ ಗದ್ದೆಗಳಲ್ಲಿ ನೀರು ತುಂಬಿ ನಿಂತಿತ್ತು.

ಪಂಪ್‌ಹೌಸ್ ಎಂದರೆ ನೆಲದಿಂದ ಎರಡಾಳು ಆಳಕ್ಕೆ ತೋಡಿದ ಕಾಂಕ್ರೀಟಿನ ಕೋಣೆ. ಮೇಲೆ ಸ್ವಿಚ್ಚುಗಳ ಪ್ಯಾನೆಲ್ಲು. ಒಂದು ಕಬ್ಬಿಣದ ಏಣಿ ಕೆಳಕ್ಕೆ. ಕೆಳಗೆ ಎರಡು ಪಂಪು. ಪ್ರತಿ ಪಂಪಿನ ಮುಂದೆ ತೂಗುಬಾಗಿಲಿನ ವಾಲ್ವು, ಅದರ ಮುಂದೆ ಚಕ್ರ ತಿರುಗಿಸಿ ಕೈಯಿಂದ ಮುಚ್ಚುವ ಇನ್ನೊಂದು ವಾಲ್ವು. ಆಮೇಲೆ ಎರಡೂ ಪೈಪು ಕೂಡಿ ಗೋಡೆಯಾಚೆ ಹೋಗುತ್ತಿದ್ದವು. ಕೋಣೆಯ ತುಂಬ ಹೊಸ ರಬ್ಬರ್ ಗ್ಯಾಸ್ಕೆಟ್ಟಿನ ವಾಸನೆ.

ಅಲ್ಲಿನ ಆಪರೇಟರ್ ಈರಣ್ಣ, ಪಾರಿಶ್ವಾಡದವರು. ಅರವತ್ತಕ್ಕೆ ಹತ್ತಿರ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಅವರ ಕೈಯಲ್ಲಿ ಯಾವಾಗಲೂ ಒಂದು ಉದ್ದನೆಯ ಪಾನಾ, ಬೋಲ್ಟು ಬಿಗಿಯುವ ಸ್ಪ್ಯಾನರು. ಅದರ ಒಂದು ತುದಿಯನ್ನು ಪೈಪಿಗೆ ಹಚ್ಚಿ, ಇನ್ನೊಂದನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿ ಕೇಳುತ್ತಿದ್ದರು, ಡಾಕ್ಟರು ಎದೆ ನೋಡಿದ ಹಾಗೆ.

“ಬರ್ರಿ ಯವ್ವಾ, ಕುಂದರ್ರಿ. ಜೈನರ ಮನೀ ಮಗಳಂತಲ್ಲ? ನೀರ ಸೋಸಿ ಕುಡಿಯೂ ಮಂದಿ ನೀವು. ಹಂಗಾರ ನೀರಿನ ಲೆಕ್ಕಾನೂ ಸೋಸೇ ಮಾಡಿರ್ತೀರಿ ಬಿಡ್ರಿ.”

ನಾನು ಹೆಮ್ಮೆಯಿಂದ ಲ್ಯಾಪ್‌ಟಾಪ್ ತೆರೆದು ಬಾಗಿಲು ಮುಚ್ಚುವ ಚಿತ್ರವನ್ನು ಓಡಿಸಿ ತೋರಿಸಿದೆ. ನೀಲಿ ನೀರು, ಹಸಿರು ನೀರು, ನಡುವೆ ಮೆಲ್ಲಗೆ ಇಳಿದು ಬರುವ ಬಾಗಿಲು. ಈರಣ್ಣ ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದರು. ಚಿತ್ರ ನಿಂತಿತು.

“ಮುಂದ?”

“ಮುಗೀತ್ರಿ. ಅಷ್ಟ.”

“ಇನ್ನೂ ಮುಚ್ಚಿಲ್ಲಲ್ಲಾ? ಕೆಳಗ ಇಲ್ಲೊಂದ್ ಗೆರಿ ಬೆಳ್ಳಗ ಕಾಣಾಕತ್ತೈತಿ. ಮುಚ್ಚಿದ್ದ ತೋರಸ್ರಿ.”

“ಅದು ಲೆಕ್ಕದ ಸಲುವಾಗಿ ಬಿಟ್ಟ ಸಂದ್ರೀ, ಈರಣ್ಣಾ. ಎರಡ್ ಮಿಲಿಮೀಟರ್. ಮುಚ್ಚಿದಂಗ ತಿಳಕೋರಿ.”

“ನಾ ತಿಳಕೋತೇನಿ ಯವ್ವಾ,” ಎಂದರು ಅವರು, ಪಾನಾವನ್ನು ಹೆಗಲಿಗೇರಿಸಿ. “ನೀರ ತಿಳಕೋಬೇಕಲ್ಲ.”

ಮಾರುತಿ ಕಿಸಕ್ಕನೆ ನಕ್ಕ. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಹಳ್ಳಿಯ ಹಿರಿಯರು ಹೀಗೇ ಏನಾದರೂ ಒಂದು ಹೇಳುತ್ತಾರೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಇದನ್ನು ಮೃದು ಮಾಡಿ ಬರೆಯುವುದಿಲ್ಲ.

ಮೊದಲ ಪರೀಕ್ಷೆಯಲ್ಲಿ ಹೊಸ ವಾಲ್ವಿನ ಪಂಪೊಂದನ್ನೇ ಓಡಿಸಿ ನಿಲ್ಲಿಸಿದೆವು. ‘ಡಬ್’ ಎಂದು ಒಂದು ಸದ್ದು ಬಂತು, ಅಷ್ಟೆ. ಒತ್ತಡದ ಮುಳ್ಳು ಮಿತಿಯೊಳಗೇ ಇತ್ತು. ಕೆಳಗೆ ಇಳಿದು ಪಾನಾ ಹಚ್ಚಿ ನಿಂತಿದ್ದ ಈರಣ್ಣ ತಲೆಯಾಡಿಸಿದರು.

“ಕೊನೀಗೊಂದ್ ಹೊಡತ ಬಿತ್ರಿ. ಹಳೇದು ಹಿಂಗ ಹೊಡೀತಿರಲಿಲ್ಲ.”

“ಮುಳ್ಳ ಬರೋಬರ್ ಐತ್ರಿ,” ಎಂದೆ ನಾನು.

ಎರಡನೆಯದು ಮುಖ್ಯ ಪರೀಕ್ಷೆ. ಎರಡೂ ಪಂಪು ಓಡುತ್ತಿರುವಾಗ ಹೊಸ ವಾಲ್ವಿನ ಪಂಪನ್ನು ಮಾತ್ರ ನಿಲ್ಲಿಸುವುದು. ಆಗ ಇನ್ನೊಂದು ಪಂಪಿನ ನೀರೂ ಸೇರಿ ಹಿಂದಕ್ಕೆ ನುಗ್ಗುತ್ತದೆ. ಮುಳ್ಳು ಕಣ್ಣಿಗೆ ಸಿಗದಷ್ಟು ಬೇಗ ಹಾರುತ್ತದೆಂದು ಪಾಟೀಲ ಸರ್ ಮೊಬೈಲಿನಲ್ಲಿ ಅದರ ವಿಡಿಯೋ ಕೇಳಿದ್ದರು. ಗೇಜು ಇದ್ದದ್ದು ವಾಲ್ವಿನ ಮೇಲೆ ಬೋಲ್ಟುಗಳಿಂದ ಬಿಗಿದ ಮುಚ್ಚಳದ ಪಕ್ಕದಲ್ಲೇ, ಪೈಪಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ. ಅಲ್ಲಿ ಒಬ್ಬರು ನಿಂತು ಮೊಬೈಲ್ ಹಿಡಿಯಬೇಕು. ಈರಣ್ಣ ಮೇಲೆ ಪ್ಯಾನೆಲ್ಲಿನ ಹತ್ತಿರ. ನಾನು ಏಣಿಯ ನಡುವೆ ನಿಂತು ಮೇಲಿನವರಿಗೂ ಕೆಳಗಿನವರಿಗೂ ಸೂಚನೆ ಕೊಡುವುದು.

ಮಾರುತಿ ಆ ಇಕ್ಕಟ್ಟನ್ನು ನೋಡಿ ಹಿಂದೆ ಸರಿದ.

“ಮೇಡಂ, ಮೊಬೈಲ್ ತಂತೀಲೆ ಕಟ್ಟತೀನ್ರಿ. ಮನಷ್ಯಾ ಯಾಕ ನಿಂದರಬೇಕು?”

“ಕಟ್ಟಿದ್ರ ಅಲಗಾಡತೈತಿ ಮಾರುತಿ. ಎರಡ ನಿಮಿಷದ ಕೆಲಸ.”

“ಅಜ್ಜಾರು ಹೊಡತ ಬಿತ್ತಂದ್ರಲ್ರೀ.”

“ಕರಡೀಗಿ ಅಂಜಲಿಲ್ಲ, ಪೈಪಿಗೆ ಅಂಜತೀಯೇನು?” ಎಂದೆ ನಗುತ್ತ. “ನಾನ ಲೆಕ್ಕಾ ಮಾಡೇನಿ. ಏನೂ ಆಗೂದಿಲ್ಲ.”

ಅವನು ನಗಲಿಲ್ಲ. “ಕರಡಿ ಬರೂದು ಕಾಣಸ್ತೈತ್ರಿ ಮೇಡಂ. ಇದು ಕಾಣಸೂದಿಲ್ಲ,” ಎಂದ. ಎಂದವನು ಹೋಗಿ ಅಲ್ಲಿ ನಿಂತ. ನಾನು ಓದಿದವಳು, ಲೆಕ್ಕ ಮಾಡಿದವಳು. ನನ್ನ ನಗು ಅವನನ್ನು ಅಲ್ಲಿಗೆ ನೂಕಿತು.

ಎರಡೂ ಪಂಪುಗಳ ಗದ್ದಲ ಏಣಿಯ ಮೆಟ್ಟಿಲಲ್ಲಿ ನನ್ನ ಅಂಗಾಲಿಗೆ ತಾಗುತ್ತಿತ್ತು. ಮಾರುತಿ ಮೊಬೈಲ್ ಎತ್ತಿ ಹಿಡಿದ. ನಾನು ಮೇಲೆ ನೋಡಿ ಕೈ ಇಳಿಸಿದೆ. ಈರಣ್ಣ ಗುಂಡಿ ಒತ್ತಿದರು.

ಒಂದು ಪಂಪಿನ ಸದ್ದು ಇಳಿಯಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಬಂದದ್ದನ್ನು ಸದ್ದು ಎನ್ನಲಾರೆ. ಅದು ಕಿವಿಗೆ ಅಲ್ಲ, ಹಲ್ಲುಗಳಿಗೆ ಬಡಿಯಿತು. ವಾಲ್ವಿನ ಮುಚ್ಚಳ ಒಡೆದು ಎದುರಿನ ಗೋಡೆಗೆ ಹಾರಿತು. ಪೈಪು ತನ್ನ ಕಟ್ಟೆಯಿಂದ ಜಿಗಿದು ಪಕ್ಕಕ್ಕೆ ಕುಳಿತಿತು. ಮುಚ್ಚಳವಿದ್ದ ಜಾಗದಿಂದ ನೀರು ಕಂಬದ ಹಾಗೆ ಎದ್ದು ಚಾವಣಿಗೆ ಹೊಡೆಯಿತು. ಮೇಲೆ ಈರಣ್ಣ ಮೇನ್ ಸ್ವಿಚ್ ಎಳೆದರು. ಇನ್ನೊಂದು ಪಂಪೂ ನಿಂತಿತು, ದೀಪಗಳೂ ಹೋದವು. ನಟ್ಟ ಮಧ್ಯಾಹ್ನ ಆ ಗುಂಡಿಯೊಳಗೆ ಕತ್ತಲೆ.

ನೀರು ನಿಲ್ಲಲಿಲ್ಲ. ಮಲಪ್ರಭೆ ಆ ದಿನವೂ ನಮ್ಮ ನೆಲಕ್ಕಿಂತ ಕೆಳಗೇ ಹರಿಯುತ್ತಿದ್ದಳು. ನಮ್ಮನ್ನು ಮುಳುಗಿಸಲು ಬಂದದ್ದು ನದಿಯಲ್ಲ, ನಾವೇ ದಿನ್ನೆಗೆ ಏರಿಸಿದ್ದ ನೀರು. ಅಷ್ಟು ದೂರದ ಪೈಪಿನಲ್ಲಿದ್ದದ್ದೆಲ್ಲ ಆ ಒಂದು ತೂತಿನಿಂದ ಕೋಣೆಯೊಳಗೆ ಬರುತ್ತಿತ್ತು.

“ಆಯೇ! ಪಾಯ... ಪಾಯ ಅಡಕಲಾ!” ಮಾರುತಿ ಕೂಗಿದ. ಹೆದರಿಕೆಗೆ ಅವನ ಬಾಯಿಂದ ಕನ್ನಡ ಹೋಗಿಬಿಟ್ಟಿತ್ತು. ಅವನ ಕಾಲು ಜಿಗಿದ ಪೈಪಿಗೂ ಕಾಂಕ್ರೀಟಿನ ಕಟ್ಟೆಗೂ ನಡುವೆ ಸಿಕ್ಕಿತ್ತು. ಅವನು ಕುಸಿದು ಕುಳಿತಿದ್ದ, ಏಳಲು ಬರುತ್ತಿರಲಿಲ್ಲ.

ನಾನು ಏಣಿಯ ಮೇಲೆ ಹಾಗೆಯೇ ನಿಂತಿದ್ದೆ. ಮೊಬೈಲಿನ ಟಾರ್ಚು ಹಚ್ಚಿದ್ದೆನೆಂಬುದೂ ನನಗೆ ಗೊತ್ತಿರಲಿಲ್ಲ. ಅದರ ಬೆಳಕು ನೀರಿನ ಮೇಲೆ ಬಿದ್ದಾಗ ತಿಳಿಯಿತು. ಈರಣ್ಣ ನನ್ನನ್ನು ಬದಿಗೆ ಒತ್ತಿ ಇಳಿದುಹೋದರು. ಅವರ ಸೊಂಟದ ತನಕ ನೀರು.

“ಯವ್ವಾ, ಇಳೀ! ಆ ಹುಡಗನ ಗದ್ದಾ ಹಿಡೀ! ಮಾರಿ ಮ್ಯಾಲ ಇರಬೇಕ ಅವಂದು!”

ಇಳಿದೆ. ಹೇಗೆ ಇಳಿದೆನೋ ಗೊತ್ತಿಲ್ಲ. ಟಾರ್ಚನ್ನು ಏಣಿಯ ಸರಳಿಗೆ ಸಿಕ್ಕಿಸಿ, ಮಾರುತಿಯ ಹಿಂದೆ ಮಂಡಿಯೂರಿ, ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಅವನ ಗದ್ದದ ಕೆಳಗೆ ಇಟ್ಟೆ. ನೀರು ಅವನ ಎದೆಗಿತ್ತು, ಆಮೇಲೆ ಕೊರಳಿಗೆ. ಅವನ ದವಡೆ ನನ್ನ ಕೈಯಲ್ಲಿ ಕಟಕಟ ಎನ್ನುತ್ತಿತ್ತು.

“ಸೋಡೂ ನಕಾ ಮೇಡಂ, ಸೋಡೂ ನಕಾ,” ಎನ್ನುತ್ತಿದ್ದ. ಬಿಡಬೇಡಿ, ಬಿಡಬೇಡಿ.

ಈರಣ್ಣ ಒಡೆದ ವಾಲ್ವಿನ ಮುಂದಿನ ಚಕ್ರವನ್ನು ಹಿಡಿದಿದ್ದರು. ಅದನ್ನು ಪೂರ್ತಿ ಮುಚ್ಚಿದರೆ ಮಾತ್ರ ಹಿಂದೆ ಬರುವ ನೀರು ನಿಲ್ಲುತ್ತದೆ. ಮೊದಲಿಗೆ ಸರಸರ ತಿರುಗಿಸಿದರು. ಆಮೇಲೆ ನಿಧಾನ ಮಾಡಿದರು. ನನ್ನ ಕಣ್ಣೆದುರೇ ನಿಧಾನ ಮಾಡಿದರು.

“ಜಲ್ದಿ ಮಾಡ್ರೀ!” ಎಂದು ಕಿರುಚಿದೆ. “ಈರಣ್ಣಾ, ಜಲ್ದಿ!”

“ಸುಮ್ನಿರು.”

“ಮೂಗಿಗೆ ಬರಾಕತ್ತೈತ್ರೀ ನೀರು!”

“ಸುಮ್ನಿರಂದ್ನಿ! ಓಡೂ ನೀರನ್ನ ಕೊನೀಗೆ ಒಮ್ಮೆಲೆ ತಡದ್ರ ಇದೂ ಒಡಿತೈತಿ. ಇದೊಡದ್ರ ಮೂರೂ ಮಂದಿ ಇಲ್ಲೇ.”

ಕಾಲು ಸುತ್ತು. ನಿಲ್ಲುವುದು, ಕಿವಿಯನ್ನು ಚಕ್ರದ ದಂಡಿಗೆ ಒತ್ತಿ ಕೇಳುವುದು. ಮತ್ತೆ ಕಾಲು ಸುತ್ತು. ನಾನು ಮಾರುತಿಯ ತಲೆಯನ್ನು ಹಿಂದಕ್ಕೆ ವಾಲಿಸಿ ನನ್ನ ಹೆಗಲಿಗೆ ಆನಿಸಿಕೊಂಡೆ. ಅವನ ಬಾಯಿ ಮೂಗು ಮಾತ್ರ ನೀರಿನ ಮೇಲೆ. ನೀರು ಒಮ್ಮೆ ಅವನ ತುಟಿಯನ್ನು ದಾಟಿತು, ಅವನು ಉಗುಳಿದ. ಎರಡನೆಯ ಸಲ ದಾಟಿತು. ಆ ಮುದುಕರ ಕೈ ಇನ್ನೂ ನಿಧಾನವಾಯಿತು. ನಾನು ಆ ಹೊತ್ತಿನಲ್ಲಿ ಅವರನ್ನು ದ್ವೇಷಿಸಿದೆ. ಪರದೆಯ ಮೇಲೆ ನಾನು ಬಿಟ್ಟುಬಿಟ್ಟಿದ್ದ ಆ ಕೊನೆಯ ಎಳೆಯನ್ನು ಅವರು ಕತ್ತಲೆಯಲ್ಲಿ ಕೂದಲು ಕೂದಲಾಗಿ ಮುಚ್ಚುತ್ತಿದ್ದರು, ಮತ್ತು ಅದಕ್ಕೆ ಎಷ್ಟು ಹೊತ್ತು ಬೇಕೆಂದು ನನಗೆ ಆಗ ಗೊತ್ತಾಯಿತು.

ನೀರಿನ ಕಂಬ ಕುಸಿಯಿತು. ಬುಗ್ಗೆಯಾಯಿತು. ನಿಂತಿತು.

ಕೋಣೆಯಲ್ಲಿ ಮೂವರ ಉಸಿರು. ನೀರು ಮಾರುತಿಯ ಕೆಳತುಟಿಯ ಮಟ್ಟದಲ್ಲಿ ಅಲುಗುತ್ತಿತ್ತು, ಮುಂದೆ ಏರಲಿಲ್ಲ. ಹೊರಗಿದ್ದ ಡ್ರೈವರು ಹೊಲದವರನ್ನು ಕರೆತಂದು, ಸರಪಳಿ ಕಟ್ಟಿ ಪೈಪು ಎತ್ತಿಸುವ ತನಕ ನಾನು ಕೈ ತೆಗೆಯಲಿಲ್ಲ. ತೆಗೆಯಲು ಬರಲೂ ಇಲ್ಲ. ಈರಣ್ಣನೇ ಒಂದೊಂದು ಬೆರಳು ಬಿಡಿಸಿದರು.

ಆ ಮಳೆಗಾಲ ಅಲ್ಲಿಗೆ ಮುಗಿಯಲಿಲ್ಲ. ಮಾರುತಿಯನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದರು. ಪಾದದ ಮೂಳೆಗಳು ನುಚ್ಚಾಗಿದ್ದವು. ನನಗೆ ಜ್ವರ ಬಂತು, ಇಳಿಯಿತು. ಕಚೇರಿಗೆ ಹೋದ ದಿನ ಪಾಟೀಲ ಸರ್ ನನ್ನ ಮುಂದೆ ಒಂದು ಹಾಳೆ ಇಟ್ಟರು: ಮುಚ್ಚಳದ ಬೋಲ್ಟುಗಳನ್ನು ಸರಿಯಾಗಿ ಬಿಗಿಯದೆ ಇದ್ದುದರಿಂದ ಅವಘಡ ಸಂಭವಿಸಿದೆ. ಬೋಲ್ಟು ಬಿಗಿದವನು ಮಾರುತಿ.

“ಸರ್, ಬೋಲ್ಟ್ ನಾನ ನೋಡೇನ್ರಿ. ಮುಚ್ಚಳಾ ನಡುವ ಒಡದೈತಿ.”

“ಅವ್ನ ಆಸ್ಪತ್ರಿ ಖರ್ಚ ನಾನ ನೋಡಕೊಳ್ಳಾಕತ್ತೇನಿ. ಅವಗೂ ಹೇಳೇನಿ, ಅವನೂ ಹೌದಂದಾನ. ನೀ ಸಹಿ ಮಾಡು.”

ಸಹಿ ಮಾಡಲಿಲ್ಲ, 'ಆಗಲ್ಲ' ಎನ್ನುವ ಧೈರ್ಯವೂ ಇರಲಿಲ್ಲ. ಹಾಳೆಯನ್ನು ಡ್ರಾಯರಿನಲ್ಲಿಟ್ಟು ವಲಯಗಳನ್ನು ಮೊದಲಿಂದ ಕಟ್ಟಲು ಕುಳಿತೆ. ಈ ಸಲ ಬಾಗಿಲಿಗೆ ನನ್ನ ವೇಗದ ಪಟ್ಟಿ ಇಲ್ಲ. ಅದರ ತೂಕ ಹೇಳಿದೆ, ಬಿಜಾಗರಿ ಹೇಳಿದೆ, ಮಿಕ್ಕದ್ದನ್ನು ನೀರಿಗೆ ಬಿಟ್ಟೆ. ಪೀಠದ ಹತ್ತಿರದ ಕೋಶಗಳು ಮುದುಡುವ ಬದಲು ಪದರ ಪದರವಾಗಿ ಅಳಿಸಿಹೋಗುವಂತೆ, ಕೊನೆಯ ಎಳೆ ಉಳಿದಾಗ ಅಲ್ಲಿ ಗೋಡೆ ಎದ್ದಂತೆ ಲೆಕ್ಕ ಕಟ್ಟಿದೆ. ಅದು ಮೊದಲೇ ಮಾಡಬಹುದಾಗಿದ್ದ ಕೆಲಸ. ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ.

ರನ್ ನಾಲ್ಕು ದಿನ ತೆಗೆದುಕೊಂಡಿತು. ಐದನೆಯ ದಿನ ನೋಡಿದೆ. ಅಗಲವಾಗಿ ತೆರೆದಿದ್ದ ಬಾಗಿಲು ಹಿಂದಿರುಗಲು ತಡಮಾಡುತ್ತದೆ. ಅಷ್ಟರಲ್ಲಿ ನೀರು ಹಿಂದಕ್ಕೆ ತಿರುಗಿ ವೇಗ ಹಿಡಿದಿರುತ್ತದೆ. ಕೊನೆಯ ಬೆರಳಷ್ಟು ದಾರಿಯಲ್ಲಿ ಅದು ಬಾಗಿಲನ್ನು ಪೀಠಕ್ಕೆ ಅಪ್ಪಳಿಸುತ್ತದೆ. ಒತ್ತಡದ ಗೆರೆ ನನ್ನ ಹಳೆಯ ಚಿತ್ರ ಮುಗಿದ ಜಾಗದಿಂದಲೇ ನೆಟ್ಟಗೆ ಎದ್ದು, ಕಾಗದದ ಮೇಲಂಚನ್ನು ದಾಟಿ ಹೋಗಿತ್ತು.

ಆ ಕಾಗದವನ್ನು ಮಡಚಿಕೊಂಡು ಆಸ್ಪತ್ರೆಗೆ ಹೋದೆ. ಮಾರುತಿ ಗೋಡೆಗೆ ಒರಗಿ ಕುಳಿತಿದ್ದ. ಕಾಲಿಗೆ ಕಬ್ಬಿಣದ ಸರಳುಗಳ ಚೌಕಟ್ಟು. ಬಿಳಿ ಬಟ್ಟೆಯ ಹೊರಗೆ ಬೆರಳುಗಳು ಕಾಣುತ್ತಿದ್ದವು, ಕಪ್ಪಗೆ, ಉಳಿದಿದ್ದ ಮೂರೇ. ಅವನ ಹೆಂಡತಿ ಸುಮನ್ ಕಿಟಕಿಯ ಹತ್ತಿರ ಡಬ್ಬಿ ತೊಳೆದು ಒರೆಸುತ್ತಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅವನು ಕೈ ಮುಗಿದ.

“ಮೇಡಂ, ನನ್ನಿಂದ ಚೂಕ ಆತ್ರಿ. ಮೂರ್ ಮೂರ್ ಸಲ ಬಿಗದಿದ್ನಿ ಅನಸ್ತೈತಿ. ಒಂದ್ ಯಾವದರ ಬಿಟ್ಟಿರಬೇಕ್ ನೋಡ್ರಿ. ಅಜ್ಜಾರು, ನೀವು, ನನ್ನ ಸಲುವಾಗಿ ಸಾಯ್ತಿದ್ರಿ. ರಾತ್ರಿ ಪೂರಾ ಅದ ಕಣ್ಣಮುಂದ ಬರತೈತ್ರಿ.”

“ಹುಚ್ಚರಂಗ ಅಳತಾರ್ರೀ,” ಎಂದಳು ಸುಮನ್, ತಿರುಗದೆ. “ನಾನೂ ಬೈದೆ. ಕೈಲಿ ಪಾನಾ ಹಿಡದವ್ರು ಲಕ್ಷ್ಯ ಕೊಟ್ಟ ಮಾಡಬೇಕೋ ಬ್ಯಾಡೋ.”

“ಬೋಲ್ಟ್ ಎಲ್ಲಾ ಬರೋಬರ್ ಇದ್ದೂವು, ಮಾರುತಿ,” ಎಂದೆ. ಕಾಗದ ಬಿಚ್ಚಿದೆ, ಅವನಿಗೆ ಗೆರೆ ಓದಲು ಬರುವುದಿಲ್ಲವೆಂದು ನೆನಪಾಗಿ ಮಡಚಿದೆ. “ತಪ್ಪು ನಂದು. ಬಾಗಲಾ ಮುಚ್ಚೂ ಕೊನೀ ಹೊತ್ತಿನ ಲೆಕ್ಕಾ ನಾ ಮಾಡೇ ಇರಲಿಲ್ಲ. ಮಾಡದ, ಏನೂ ಆಗೂದಿಲ್ಲ ಅಂತ ನಿನಗ ಹೇಳಿದೆ. ಇದನ್ನ ಬರದೂ ಕೊಡ್ತೀನಿ.”

ಅವನಿಗೆ ಸಿಟ್ಟು ಬರುತ್ತದೆಂದು ಕಾದೆ. ಬಂದದ್ದು ಅದಲ್ಲ. ಅವನ ಹೆಗಲು ಮೆಲ್ಲಗೆ ಕೆಳಗಿಳಿಯಿತು.

“ಹಂಗಾರ, ಅಲ್ಲಿ ನಿಂದರಾಕ ನಾ ಅಂಜಿದ್ದು ಖರೇ ಇತ್ತೇನ್ರಿ?”

“ಖರೇ ಇತ್ತು.”

“ಅಂಜಬುರುಕ ಅಲ್ಲ ನಾನು.”

“ಅಲ್ಲ.”

ಡಬ್ಬಿ ಒರೆಸುವ ಸದ್ದು ನಿಂತಿತ್ತು. ಸುಮನ್ ನನ್ನ ಎದುರಿಗೆ ಬಂದು ನಿಂತಳು. ನನಗಿಂತ ಚಿಕ್ಕವಳು.

“ಇವ್ರು ಒಲ್ಲೆ ಅಂದಿದ್ರೇನ್ರಿ ಅಲ್ಲಿ ನಿಂದರಾಕ?”

“ಅಂದಿದ್ದ.”

“ನೀವು ಏನಂದ್ರಿ?”

ನಾನು ನಕ್ಕಿದ್ದೆ ಎಂದು ಹೇಳಿದೆ.

ಅವಳು ಮಂಚದ ಹತ್ತಿರ ಬಗ್ಗಿ, ಆ ಮೂರು ಬೆರಳುಗಳ ಮೇಲೆ ಹೊದಿಕೆಯನ್ನು ಎಳೆದಳು. ನನಗೆ ಕಾಣದ ಹಾಗೆ ಸುತ್ತಲೂ ಒತ್ತಿ ಸಿಕ್ಕಿಸಿದಳು. ಆಮೇಲೆ ನಾನು ಬಾಗಿಲು ದಾಟಿ ಹೋಗುವ ತನಕ ಆ ಹೊದಿಕೆಯ ಮೇಲಿಂದ ಕೈ ತೆಗೆಯಲಿಲ್ಲ.